ಮರ್ತಬಾನ್ ಅಂದರೆ ಜಾಡಿಯೋ, ಊರೋ?

ಪ್ರಶ್ನೆ: ನಾನು ಸಾಗರದ ಕಡೆಯವಳು, ಈಗ ನೆದರ್ಲೆಂಡ್ಸ್‌ನಲ್ಲಿದ್ದೇನೆ. ಹೋದ ತಿಂಗಳು ಅಮ್ಮನನ್ನು ಕರೆದುಕೊಂಡು ಇಲ್ಲಿನ ಒಂದು ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿ ಸೊಂಟದೆತ್ತರದ ಒಂದು ಕಪ್ಪುಗಂದು ಜಾಡಿ ಇತ್ತು. ಕತ್ತಿನ ಬುಡದಲ್ಲಿ ನಾಲ್ಕು ಪುಟ್ಟ ಕಿವಿ. ಫಲಕದ ಮೇಲೆ "ಮಾರ್ತಬಾನ್ ಜಾಡಿ, ಸ್ಟೋನ್‌ವೇರ್, ಆಗ್ನೇಯ ಏಷ್ಯಾ, 15–16ನೇ ಶತಮಾನ" ಅಂತ ಬರೆದಿತ್ತು. ಅಮ್ಮ ನೋಡಿದ ತಕ್ಷಣ "ಇದು ನಮ್ಮ ಉಪ್ಪಿನಕಾಯಿ ಭರಣಿ ಅಲ್ವೇನೆ!" ಅಂದರು. ಜೊತೆಗಿದ್ದ ಲಕ್ನೋದ ಗೆಳತಿ, ಅವರ ಮನೆಯಲ್ಲಿ ಉಪ್ಪಿನಕಾಯಿ ಜಾಡಿಗೆ ಮರ್ತಬಾನ್ ಅಂತಲೇ ಹೇಳುತ್ತಾರೆ ಅಂದಳು. ಇವಕ್ಕೆಲ್ಲ ನಂಟು ಇದೆಯಾ? ಯಾವ ದೇಶದ್ದು ಅಂತ ಫಲಕದಲ್ಲಿ ಯಾಕೆ ಖಚಿತವಾಗಿ ಬರೆದಿಲ್ಲ? ಆ ಕಿವಿ ಯಾಕೆ? ಸಾಮಾನು ತುಂಬುವ ಜಾಡಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವಂಥದ್ದೇನಿದೆ?

ಉತ್ತರ: ನಿಮ್ಮ ಅಮ್ಮ ಸರಿಯಾಗಿಯೇ ಗುರುತು ಹಿಡಿದಿದ್ದಾರೆ. ಗೆಳತಿ ಹೇಳಿದ್ದೂ ಸರಿ. ಹೆಸರಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಫಲಕದ ಗೊಂದಲ ಇರುವುದು ಅಲ್ಲೇ.

ಮಾರ್ತಬಾನ್ ಒಂದು ಊರು. ಬರ್ಮಾದ, ಅಂದರೆ ಇಂದಿನ ಮಯನ್ಮಾರ್‌ನ ದಕ್ಷಿಣ ಭಾಗದಲ್ಲಿ, ಸಾಲ್ವಿನ್ ನದಿ ಸಮುದ್ರ ಸೇರುವ ಕಡೆ ಇದೆ. ಈಗ ಅದನ್ನು ಮೊತ್ತಮ ಅನ್ನುತ್ತಾರೆ. ನದಿಯ ಆಚೆ ದಡದಲ್ಲಿ ಮೌಲ್ಮೇನ್. 1287ರಲ್ಲಿ ಮೋನ್ ಜನರ ರಾಜ್ಯ ಶುರುವಾದದ್ದು ಇಲ್ಲಿಂದ. ಆಮೇಲೆ ರಾಜಧಾನಿ ಪೆಗುವಿಗೆ ಹೋಯಿತು, ಆದರೆ ಬಂದರಿನ ವ್ಯಾಪಾರ ನಿಲ್ಲಲಿಲ್ಲ. 1541ರಲ್ಲಿ ಬರ್ಮಾದ ದೊರೆ ತಬಿನ್‌ಶ್ವೇತಿ ಮುತ್ತಿಗೆ ಹಾಕಿ ಸೂರೆ ಮಾಡುವವರೆಗೂ ಅದು ಬಂಗಾಳ ಕೊಲ್ಲಿಯ ಹೆಸರುವಾಸಿ ಬಂದರು.

ಅಲ್ಲಿಂದ ಹಡಗು ಹತ್ತುತ್ತಿದ್ದ ದೊಡ್ಡ ಜಾಡಿಗಳಿಗೆ ವ್ಯಾಪಾರಿಗಳು ಊರಿನ ಹೆಸರನ್ನೇ ಇಟ್ಟರು. ಬ್ಯಾಡಗಿ ಮೆಣಸಿನಕಾಯಿ ಇದೆಯಲ್ಲ, ಹಾಗೆ. ಅದೆಲ್ಲ ಬ್ಯಾಡಗಿಯ ಹೊಲದಲ್ಲೇ ಬೆಳೆಯುವುದಿಲ್ಲ. ಸುತ್ತಲಿನ ಎಷ್ಟೋ ಊರಿನ ಬೆಳೆ ಬ್ಯಾಡಗಿ ಮಾರುಕಟ್ಟೆಗೆ ಬರುತ್ತದೆ, ಆ ಹೆಸರಲ್ಲಿ ಮಾರಾಟವಾಗುತ್ತದೆ. ಜಾಡಿಯ ವಿಷಯದಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬರ್ಮಾದಲ್ಲಿ ಸುಟ್ಟ ಜಾಡಿ, ಥಾಯ್ಲೆಂಡ್‌ನ ಜಾಡಿ, ವಿಯೆಟ್ನಾಂನದು, ದಕ್ಷಿಣ ಚೀನಾದ್ದು, ಎಲ್ಲವೂ ಮಾರ್ತಬಾನ್ ಆದವು. ತುರ್ಕಿಯಲ್ಲಂತೂ ಹಸಿರು ಮೆರುಗಿನ ಚೀನೀ ತಟ್ಟೆಗಳಿಗೂ ಮರ್ತಬಾನಿ ಅನ್ನುವ ಹೆಸರು ಬಂತು. ವಿಷ ಬೆರೆಸಿದ ಊಟ ಬಡಿಸಿದರೆ ಆ ತಟ್ಟೆ ಬಣ್ಣ ಬದಲಿಸುತ್ತದೆ, ಇಲ್ಲವೇ ಸೀಳುತ್ತದೆ ಅಂತ ಅಲ್ಲಿನ ಅರಮನೆಗಳಲ್ಲಿ ನಂಬಿದ್ದರು. ಹಿಂದಿ, ಉರ್ದುವಿಗೆ ಮರ್ತಬಾನ್ ಬಂದದ್ದೂ ಈ ಬಂದರಿನಿಂದಲೇ. ನಮ್ಮಲ್ಲಿ ಭರಣಿ, ಜಾಡಿ ಅನ್ನುವ ಮಾತುಗಳು ಗಟ್ಟಿಯಾಗಿ ಉಳಿದವು.

ಹಾಗಾಗಿ ಆ ಫಲಕದಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಮಾರ್ತಬಾನ್ ಅನ್ನುವುದು ಮಾರಿದ ಹೆಸರು, ಆಗ್ನೇಯ ಏಷ್ಯಾ ಅನ್ನುವುದು ಮಾಡಿದ ಪ್ರದೇಶ. ಇನ್ನೂ ಹತ್ತಿರಕ್ಕೆ ಹೋಗಬೇಕಾದರೆ ಜಾಡಿಯನ್ನೇ ಓದಬೇಕು.

ಸ್ಟೋನ್‌ವೇರ್ ಅಂದರೇನು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮ ಕುಂಬಾರರ ಆವಿಗೆಯಲ್ಲಿ ಸುಟ್ಟ ಮಡಕೆ ಸಾವಿರ ಡಿಗ್ರಿಯ ಒಳಗೇ ಬೇಯುತ್ತದೆ. ಅದರ ಮೈಯಲ್ಲಿ ಸಣ್ಣ ಸಣ್ಣ ರಂಧ್ರ ಉಳಿಯುತ್ತದೆ. ನೀರು ಜಿನುಗುತ್ತದೆ, ಆವಿಯಾಗುತ್ತದೆ, ಅದಕ್ಕೇ ಒಳಗಿನ ನೀರು ತಣ್ಣಗಿರುತ್ತದೆ. ಸ್ಟೋನ್‌ವೇರ್ ಬೇಯುವುದು 1200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ, ಕೆಲವೊಮ್ಮೆ ಅದಕ್ಕೂ ಮೇಲೆ. ಆ ಬಿಸಿಗೆ ಮಣ್ಣಿನ ಕಣಗಳು ಅರೆ ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮೈ ಕಲ್ಲಿನಂತಾಗುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತೇವಲ್ಲ, ಇದನ್ನು ತಟ್ಟಿದರೆ ಠಣ್ ಅನ್ನುವ ಸದ್ದು ಬರುತ್ತದೆ. ಎಲ್ಲ ಮಣ್ಣೂ ಇಷ್ಟು ಬಿಸಿ ತಡೆಯುವುದಿಲ್ಲ, ಕೆಲವು ಕುಸಿದು ಮುದ್ದೆಯಾಗುತ್ತವೆ. ಸರಿಯಾದ ಮಣ್ಣು, ಬೇಕಾದಷ್ಟು ಸೌದೆ, ಸಾಗಿಸಲು ಹತ್ತಿರದಲ್ಲೇ ನದಿ, ಮೂರೂ ಕೂಡಿದ ಕಡೆ ಮಾತ್ರ ಈ ಕಸುಬು ಬೆಳೆಯಿತು. ನಾವು ಮನೆಯಲ್ಲಿ ಇಂಥ ಭರಣಿಯನ್ನೂ ಪಿಂಗಾಣಿ ಅಂದುಬಿಡುತ್ತೇವೆ. ನಿಜವಾದ ಪಿಂಗಾಣಿಗೆ ಬಿಳಿ ಜೇಡಿಮಣ್ಣು ಬೇಕು, ಅದರ ಮೈ ಒಳಗೂ ಬಿಳಿ. ಇದರ ಮೈ ಬೂದು ಅಥವಾ ಕೆಂಗಂದು.

ಮೇಲಿನ ಕಪ್ಪುಗಂದು ಹೊಳಪು ಬಣ್ಣ ಬಳಿದದ್ದಲ್ಲ, ಕರಗಿದ ಗಾಜು. ಇಂಥ ಗ್ಲೇಜ್ ಮಾಡುವ ಹಳೆಯ ದಾರಿ ತುಂಬ ಸರಳ: ಮರದ ಬೂದಿ ಮತ್ತು ಜೇಡಿಮಣ್ಣನ್ನು ನೀರಲ್ಲಿ ಗಂಜಿಯ ಹದಕ್ಕೆ ಕಲಸಿ ಹಸಿ ಜಾಡಿಯ ಮೇಲೆ ಹೊಯ್ಯುವುದು. ಆವಿಗೆಯ ಬಿಸಿಗೆ ಬೂದಿಯಲ್ಲಿರುವ ಸುಣ್ಣದ ಅಂಶ ಮಣ್ಣನ್ನು ಕರಗಿಸುತ್ತದೆ, ತಣಿದ ಮೇಲೆ ಗಾಜಿನ ಪೊರೆ ಉಳಿಯುತ್ತದೆ. ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ ಇದ್ದರೆ ಕಂದು, ಇನ್ನೂ ಜಾಸ್ತಿಯಾದರೆ ಕಪ್ಪು. ಕಬ್ಬಿಣ ತುಂಬ ಕಮ್ಮಿ ಇದ್ದು, ಆವಿಗೆಗೆ ಗಾಳಿ ಕಡಿಮೆ ಬಿಟ್ಟು ಸುಟ್ಟರೆ ತಿಳಿ ಹಸಿರು.

ಈಗ ಜಾಡಿಯ ಬುಡಕ್ಕೆ ಬನ್ನಿ. ಕೆಲಸದ ಮೊದಲ ವರ್ಷಗಳಲ್ಲಿ ಒಂದು ಮ್ಯೂಸಿಯಂನ ಉಗ್ರಾಣದಲ್ಲಿ ಇಂಥದ್ದೇ ಒಂದು ಜಾಡಿಯನ್ನು ಒರಗಿಸಿ ನೋಡುವ ಅವಕಾಶ ನನಗೆ ಸಿಕ್ಕಿತ್ತು. ಇಬ್ಬರು ಹಿಡಿದುಕೊಂಡಿದ್ದರು, ನಾನು ಟಾರ್ಚ್ ಹಿಡಿದು ಮಂಡಿಯೂರಿ ಕೂತಿದ್ದೆ. ಮೆರುಗು ಬುಡಕ್ಕಿಂತ ನಾಲ್ಕು ಬೆರಳು ಮೇಲೆಯೇ ನಿಂತಿತ್ತು. ಒಂದು ಕಡೆ ಮಾತ್ರ ಜೇನು ಇಳಿದ ಹಾಗೆ ಉದ್ದಕ್ಕೆ ಇಳಿದು, ತುದಿಯಲ್ಲಿ ದಪ್ಪ ಹನಿಯಾಗಿ ಗಟ್ಟಿಯಾಗಿತ್ತು. ಬುಡವನ್ನು ಬೇಕಂತಲೇ ಬೋಳು ಬಿಡುತ್ತಾರೆ. ಮೆರುಗು ಕೆಳಗಿನವರೆಗೆ ಹರಿದರೆ ಜಾಡಿ ಆವಿಗೆಯ ನೆಲಕ್ಕೇ ಅಂಟಿಕೊಂಡುಬಿಡುತ್ತದೆ, ಕೀಳಲು ಹೋದರೆ ಒಡೆಯುತ್ತದೆ. ಆ ಬೋಳು ಪಟ್ಟಿಯ ಅಂಚಿನಲ್ಲಿ ಮೂರು ಬೆರಳ ಗುರುತು ಇತ್ತು. ಹಸಿ ಗ್ಲೇಜ್ ಹೊಯ್ದ ಮೇಲೆ ಯಾರೋ ಬುಡ ಹಿಡಿದು ಎತ್ತಿಟ್ಟಿದ್ದಾರೆ. ನನ್ನ ಬೆರಳಿಗಿಂತ ಸಣ್ಣ ಬೆರಳು. ಆಮೇಲೆ ಒಳಗೆ ಕೈ ಹಾಕಿದೆ. ಹೊರಗೆ ನುಣುಪಾಗಿ ಕಂಡ ಮೈ ಒಳಗೆ ಏರಿಳಿತವಾಗಿ ಸಿಕ್ಕಿತು. ಇಷ್ಟು ದೊಡ್ಡ ಜಾಡಿಯನ್ನು ತಿಗರಿಯ ಮೇಲೆ ಒಂದೇ ಸಲ ಎತ್ತಲು ಆಗುವುದಿಲ್ಲ. ಮಣ್ಣಿನ ಹಗ್ಗ ಹೊಸೆದು ಸುತ್ತಿನ ಮೇಲೆ ಸುತ್ತು ಏರಿಸುತ್ತಾ, ತಿಗರಿ ನಿಧಾನಕ್ಕೆ ತಿರುಗಿಸಿ ನೇರ್ಪು ಮಾಡುತ್ತಾ, ಕೆಳಗಿನ ಭಾಗ ಸ್ವಲ್ಪ ಬಿಗಿಯಾದ ಮೇಲೆ ಮೇಲಿನದ್ದನ್ನು ಕೂಡಿಸುತ್ತಾರೆ. ಆ ಕೂಡು ಗೆರೆ ಕೈಗೆ ಸಿಗುತ್ತದೆ.

ಥಾಯ್ಲೆಂಡ್‌ನ ಜಾಡಿ ಎಂದು ಹೇಳುವಾಗ ನಾವು ಹೆಚ್ಚಾಗಿ ನೆನೆಯುವುದು ಸಿಂಗ್‌ಬುರಿ ಪ್ರಾಂತ್ಯದ ಮೇನಾಮ್ ನೋಯಿ ನದಿ ದಡದ ಆವಿಗೆಗಳನ್ನು. ಥಾಯ್ ಭಾಷೆಯಲ್ಲಿ ನದಿಗೆ ಮೇನಾಮ್ ಅನ್ನುತ್ತಾರೆ, ಬಿಡಿಸಿದರೆ ತಾಯಿ-ನೀರು. ನೋಯಿ ಅಂದರೆ ಚಿಕ್ಕದು. ಅಯುತ್ತಯ ರಾಜ್ಯದ ಕಾಲದಲ್ಲಿ ಇಲ್ಲಿ ಇಟ್ಟಿಗೆಯ ದೊಡ್ಡ ದೊಡ್ಡ ಆವಿಗೆಗಳಿದ್ದವು. ಬೂದು ಅಥವಾ ನೇರಳೆ ಛಾಯೆಯ ಮೈ, ತೆಳು ಕಂದು ಮೆರುಗು, ಹೆಗಲ ಮೇಲೆ ಸುತ್ತಲೂ ಗೀರಿದ ಗೆರೆ, ನಾಲ್ಕು ಕಿವಿ, ಇವು ಆ ಜಾಡಿಗಳ ಚಹರೆ. ಬರ್ಮಾದ ಜಾಡಿಗಳ ಮೆರುಗು ಸಾಮಾನ್ಯವಾಗಿ ದಟ್ಟ ಕಪ್ಪು. ಕೆಲವದರ ಮೇಲೆ ಬಿಳಿ ಮಣ್ಣಿನ ಚುಕ್ಕಿ, ಪಟ್ಟೆ ಇರುತ್ತವೆ. ನೀವು ನೋಡಿದ್ದರ ಮೇಲೆ ಇಂಥ ಚುಕ್ಕಿ ಇದ್ದವಾ? ನೀವು ಬರೆದಷ್ಟರಿಂದ, ಚುಕ್ಕಿ ಇಲ್ಲದ ಸಾದಾ ಜಾಡಿ ಅನ್ನಿಸುತ್ತದೆ. ಅಂಥದ್ದನ್ನು ಕಣ್ಣಳತೆಯಲ್ಲಿ ಒಂದೇ ದೇಶಕ್ಕೆ ಕಟ್ಟಿಹಾಕದಿರುವುದು ಪ್ರಾಮಾಣಿಕ ಕೆಲಸ.

ಕಾಲ ಹೇಗೆ ಗೊತ್ತಾಗುತ್ತದೆ ಅಂದರೆ, ಅದಕ್ಕೆ ಮುಳುಗಿದ ಹಡಗುಗಳು ದೊಡ್ಡ ಆಧಾರ. ಸಾನ್ ಡಿಯೆಗೊ ಎಂಬ ಸ್ಪೇನ್‌ನ ಹಡಗು 1600ರ ಡಿಸೆಂಬರ್ 14ರಂದು ಮನಿಲಾ ಹತ್ತಿರದ ಸಮುದ್ರದಲ್ಲಿ ಡಚ್ಚರ ಜೊತೆ ಹೊಡೆದಾಡಿ ಮುಳುಗಿತು. 1991ರಲ್ಲಿ ಫ್ರಾಂಕ್ ಗೊಡಿಯೊ ಅವರ ತಂಡ ಅದನ್ನು ಹುಡುಕಿತು. ಅದರ ಹೊಟ್ಟೆಯಿಂದ 750ಕ್ಕೂ ಹೆಚ್ಚು ಜಾಡಿಗಳು ಮೇಲೆ ಬಂದವು. ಚೀನಾ, ಥಾಯ್ಲೆಂಡ್, ಬರ್ಮಾ ಎಲ್ಲ ಕಡೆಯವೂ ಒಂದೇ ಹಡಗಿನಲ್ಲಿ! ಆ ಜಾಡಿಗಳು ಆ ದಿನಕ್ಕೆ ಮೊದಲು ಮಾಡಿದವು ಅನ್ನುವುದರಲ್ಲಿ ಅನುಮಾನವೇ ಇಲ್ಲ. ಹೀಗೆ ಒಂದೊಂದು ಹಡಗನ್ನು ಮೈಲಿಗಲ್ಲಿನಂತೆ ಇಟ್ಟುಕೊಂಡು ಆಕಾರ ಹೇಗೆ ಬದಲಾಯಿತು ಅಂತ ಹಿಂದಕ್ಕೆ ಮುಂದಕ್ಕೆ ಅಳೆಯುತ್ತೇವೆ. ಹಳೆಯ ಆವಿಗೆಗಳ ಪಕ್ಕದ ತಿಪ್ಪೆಯಲ್ಲಿ ಸಿಕ್ಕ ಒಡಕು ಚೂರುಗಳ ಜೊತೆ ಮಣ್ಣನ್ನು ಹೋಲಿಸುತ್ತೇವೆ.

ಇನ್ನು ಕಿವಿ. ಅವು ಎತ್ತಲು ಅಲ್ಲ. ತುಂಬಿದ ಜಾಡಿಯನ್ನು ಆ ಪುಟ್ಟ ಕಿವಿ ಹಿಡಿದು ಎತ್ತಿದರೆ ಕಿವಿಯೇ ಕಿತ್ತು ಬರುತ್ತದೆ. ಅವು ಬಾಯಿ ಕಟ್ಟಲು. ಬಾಯಿಯ ಮೇಲೆ ಮುಚ್ಚಳವನ್ನೋ ಬಟ್ಟೆಯನ್ನೋ ಇಟ್ಟು, ಹಗ್ಗವನ್ನು ಒಂದು ಕಿವಿಯಿಂದ ಎದುರು ಕಿವಿಗೆ ಅಡ್ಡಡ್ಡ ಎಳೆದು ಬಿಗಿದರೆ ಹಡಗು ಎಷ್ಟೇ ಹೊಯ್ದಾಡಿದರೂ ಮುಚ್ಚಳ ಜಾರುವುದಿಲ್ಲ. ನನ್ನ ಅಜ್ಜಿ ಅಪ್ಪೆಮಿಡಿ ಭರಣಿಯ ಬಾಯಿಗೆ ಬಿಳಿ ಪಂಚೆಯ ತುಂಡು ಹೊದಿಸಿ, ಕತ್ತಿಗೆ ದಾರ ಮೂರು ಸುತ್ತು ಸುತ್ತಿ ಕಟ್ಟುತ್ತಿದ್ದರು. ಒದ್ದೆ ಕೈಯಲ್ಲಿ ಅದನ್ನು ಬಿಚ್ಚಿದವರಿಗೆ ಬೈಗುಳ ಕಾದಿರುತ್ತಿತ್ತು. ಭರಣಿ ಅಟ್ಟದ ಮೇಲೆ ಅಲುಗಾಡದೆ ಕೂತಿರುತ್ತದೆ, ಕತ್ತಿಗೆ ಸುತ್ತಿದ ದಾರ ಸಾಕು. ಸಮುದ್ರಕ್ಕೆ ಅದು ಸಾಲದು.

ಈಗ ನಿಮ್ಮ ಅಮ್ಮನ ಮಾತಿಗೆ ಬರುತ್ತೇನೆ. ಈ ಪ್ರಶ್ನೆ ಓದಿದಾಗ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಅದೇ.

ಮೊರಾಕ್ಕೊದ ಇಬ್ನ್ ಬತೂತ 1340ರ ದಶಕದಲ್ಲಿ ನಮ್ಮ ಹೊನ್ನಾವರದಲ್ಲಿ ತಂಗಿದ್ದ. ಅಲ್ಲಿನ ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನು ಬಿಡಿಸಿ ಬಿಡಿಸಿ ಬರೆದಿದ್ದಾನೆ. ಅನ್ನ, ತುಪ್ಪ, ಅದರ ಜೊತೆಗೆ ಉಪ್ಪಲ್ಲಿ ಹಾಕಿದ ಮೆಣಸಿನ ಗೊಂಚಲು, ಹಸಿ ಶುಂಠಿ, ನಿಂಬೆ, ಮಾವು. ಕೆಂಪು ಮೆಣಸಿನಕಾಯಿ ಆಗ ಭಾರತಕ್ಕೆ ಬಂದೇ ಇರಲಿಲ್ಲ, ಖಾರ ಅಂದರೆ ಕರಿಮೆಣಸು, ಶುಂಠಿ. ಮುಂದೆ ಅವನು ಚೀನಾ ಕಡೆ ಹೊರಟ. ದಾರಿಯಲ್ಲಿ ತವಾಲಿಸಿ ಅನ್ನುವ ನಾಡಿನ ರಾಜಕುಮಾರಿ ಅವನಿಗೆ ಉಡುಗೊರೆ ಕೊಟ್ಟಳು. ಬಟ್ಟೆ, ಅಕ್ಕಿ, ಇನ್ನೂ ಏನೇನೋ. ಅದರ ಜೊತೆಗೆ ನಾಲ್ಕು ಮರ್ತಬಾನ್. ಅಂದರೆ ದೊಡ್ಡ ಜಾಡಿಗಳು ಅಂತ ಅವನೇ ವಿವರಿಸುತ್ತಾನೆ. ಅವುಗಳ ತುಂಬ ಶುಂಠಿ, ಮೆಣಸು, ನಿಂಬೆ, ಮಾವು. ಎಲ್ಲವೂ ಸಮುದ್ರಯಾನಕ್ಕೆಂದು ಉಪ್ಪಲ್ಲಿ ಹಾಕಿದ್ದು.

ನಾಲ್ಕೂ ಅವೇ, ನೋಡಿ. ಹೊನ್ನಾವರದ ಊಟದಲ್ಲಿ ಕಂಡದ್ದೇ ಪೂರ್ವದ ಸಮುದ್ರದಲ್ಲಿ ಮರ್ತಬಾನಿನೊಳಗೆ ಸಿಕ್ಕಿತು. ಜಾಡಿಯ ಹೆಸರಾಗಿ ಈ ಪದ ಬರಹಕ್ಕೆ ಇಳಿದ ತೀರ ಹಳೆಯ ಸಾಲುಗಳಲ್ಲಿ ಇದೂ ಒಂದು. ಅಲ್ಲೇ ಉಪ್ಪಿನಕಾಯಿ ಇದೆ. ಹಾಗಾಗಿ ನಿಮ್ಮ ಅಮ್ಮ ಹೇಳಿದ್ದನ್ನು ನಾನು ಸುಮ್ನೆ ಮುದ್ದಾದ ಮಾತು ಅಂತ ತಗೊಳ್ಳುವುದಿಲ್ಲ. ಆ ಜಾಡಿಯ ಕೆಲಸ ಏನು ಅಂತ ಅವರು ಮ್ಯೂಸಿಯಂ ಫಲಕಕ್ಕಿಂತ ಚೆನ್ನಾಗಿ ಹೇಳಿದರು.

ಉಪ್ಪಿನಕಾಯಿಗೆ ಈ ಜಾಡಿಯೇ ಯಾಕೆ ಬೇಕಿತ್ತು? ಮೆರುಗಿಲ್ಲದ ಸಾದಾ ಮಡಕೆಯಲ್ಲಿ ಉಪ್ಪುನೀರು ತುಂಬಿಟ್ಟು ನೋಡಿ. ಸ್ವಲ್ಪ ದಿನಕ್ಕೆ ಹೊರಮೈಯಲ್ಲಿ ಬಿಳಿ ಉಪ್ಪು ಹೂವಿನಂತೆ ಮೂಡುತ್ತದೆ, ಆಮೇಲೆ ಮಣ್ಣು ಪದರ ಪದರವಾಗಿ ಉದುರುತ್ತದೆ. ತಾಮ್ರ, ಹಿತ್ತಾಳೆಯಲ್ಲಿ ಹುಳಿ ಇಟ್ಟರೆ ಕಿಲುಬು. ಮರದಲ್ಲಿ ಇಟ್ಟರೆ ವಾಸನೆ ಹೀರುತ್ತದೆ. ಉಪ್ಪು, ಹುಳಿ, ಎಣ್ಣೆ, ಮೂರನ್ನೂ ತಿಂಗಳುಗಟ್ಟಲೆ ತಡೆಯುವ ದೊಡ್ಡ ಪಾತ್ರೆ ಆ ಕಾಲದಲ್ಲಿ ಇದೊಂದೇ ಅನ್ನಬಹುದು. ಒಳ್ಳೆಯ ಭರಣಿ ಸಿಕ್ಕರೆ ಎಷ್ಟು ಜೋಪಾನ ಮಾಡುತ್ತೇವೆ ಅಂತ ನಿಮಗೇ ಗೊತ್ತಲ್ಲ.

ನಮ್ಮ ಕರಾವಳಿಯನ್ನು ಚೆನ್ನಾಗಿ ಬಲ್ಲ ಇನ್ನೊಬ್ಬ ದುವಾರ್ತೆ ಬಾರ್ಬೋಸ. ಕಣ್ಣೂರಿನಲ್ಲಿ ಪೋರ್ಚುಗೀಸರ ಕೋಠಿಯಲ್ಲಿ ಬರಹಗಾರನಾಗಿದ್ದ. 1516ರ ಹೊತ್ತಿಗೆ ಅವನು ಬರೆದ ವಿವರಣೆಯಲ್ಲಿ ಭಟ್ಕಳವಿದೆ, ವಿಜಯನಗರವಿದೆ, ಮಾರ್ತಬಾನ್ ಕೂಡ ಇದೆ. ಆ ಊರಲ್ಲಿ ದಪ್ಪನೆಯ, ಗಟ್ಟಿಯಾದ, ಕಪ್ಪು ಮೆರುಗಿನ ಜಾಡಿ ಮಾಡುತ್ತಾರೆ, ಕೆಲವು ಒಂದು ಪೀಪಾಯಿ ನೀರು ಹಿಡಿಯುವಷ್ಟು ದೊಡ್ಡವು, ಮುಸ್ಲಿಂ ವ್ಯಾಪಾರಿಗಳು ಅವನ್ನು ಬಹಳ ಮೆಚ್ಚಿ ಕೊಂಡೊಯ್ಯುತ್ತಾರೆ ಅಂತ ಹೇಳುತ್ತಾನೆ. ಈ ಪೀಪಾಯಿ ಅನ್ನುವ ಮಾತು ನಮಗೆ ಬಂದದ್ದು ಪೋರ್ಚುಗೀಸರ ಪೀಪ ಅನ್ನುವ ಪದದಿಂದಲೇ, ಅಂದರೆ ಮರದ ದೊಡ್ಡ ಡ್ರಮ್ಮು. ನೀವಿರುವ ದೇಶದ ಯಾನ್ ಹೈಗೆನ್ ಫಾನ್ ಲಿನ್ಸ್‌ಖೋಟೆನ್ 1583ರಿಂದ 1588ರವರೆಗೆ ಗೋವಾದಲ್ಲಿದ್ದ. ಅವನು ಇದಕ್ಕೆ ಕಾರಣವನ್ನೂ ಕೊಡುತ್ತಾನೆ. ಪೋರ್ಚುಗಲ್‌ನಿಂದ ಬಂದದ್ದು ಬಿಟ್ಟರೆ ಭಾರತದಲ್ಲಿ ಮರದ ಪೀಪಾಯಿ ಇಲ್ಲ, ಅದಕ್ಕೇ ಮನೆ ಮನೆಯಲ್ಲೂ ಹಡಗಿನಲ್ಲೂ ಎಣ್ಣೆ, ವೈನು, ನೀರು ತುಂಬಲು ಮಾರ್ತಬಾನ್ ಜಾಡಿಗಳನ್ನೇ ಬಳಸುತ್ತಾರೆ ಅಂತ.

ಇಷ್ಟೆಲ್ಲ ಆದರೂ ಅದು ಸಾಮಾನು ತುಂಬುವ ಜಾಡಿಯೇ ತಾನೆ, ಅನ್ನುತ್ತೀರಿ. ಒಳಗಿನದ್ದು ಖಾಲಿಯಾದ ಮೇಲೆ ಏನಾಯಿತು ಅಂತ ನೋಡೋಣ. ನೀವಿರುವ ನೆದರ್ಲೆಂಡ್ಸ್‌ನಲ್ಲೇ, ಲೇವಾರ್ಡನ್ ಊರಿನ ಪ್ರಿನ್ಸೆಸ್ಸೆಹೋಫ್ ಸೆರಾಮಿಕ್ ಮ್ಯೂಸಿಯಂನಲ್ಲಿ ಮಾರ್ತಬಾನ್ ಜಾಡಿಗಳ ಬಹಳ ದೊಡ್ಡ ಸಂಗ್ರಹ ಇದೆ, ಬಿಡುವಾದಾಗ ಹೋಗಿ. ಇಂಡೊನೇಷ್ಯಾ ಡಚ್ಚರ ಆಳ್ವಿಕೆಯಲ್ಲಿದ್ದದ್ದಕ್ಕೂ ಅವು ಅಷ್ಟು ದೂರದ ಊರಲ್ಲಿ ಇರುವುದಕ್ಕೂ ಸಂಬಂಧವಿದೆ. ಬೋರ್ನಿಯೊ ದ್ವೀಪದ ದಯಾಕ್ ಜನರು ಇಂಥ ಜಾಡಿಗಳನ್ನು ತಲೆಮಾರುಗಳಿಂದ ಮನೆಯಲ್ಲಿ ಕಾಪಾಡಿಕೊಂಡು ಬಂದಿದ್ದರು. ಮಲಯ ಭಾಷೆಯಲ್ಲಿ ಪುಸಾಕ ಅನ್ನುತ್ತಾರೆ, ಅಂದರೆ ಹಿರಿಯರಿಂದ ಬಂದ ಆಸ್ತಿ. ಹೆಣ್ಣಿಗೆ ತೆರ ಕೊಡುವಾಗ ಜಾಡಿ, ತಪ್ಪಿಗೆ ದಂಡ ಕಟ್ಟುವಾಗ ಜಾಡಿ, ಅಕ್ಕಿಯ ಮದ್ಯ ಹುಳಿ ಬರಿಸಲು ಜಾಡಿ. ಒಳ್ಳೆಯ ಜಾಡಿಯಲ್ಲಿ ಜೀವ ಇದೆ, ಆಪತ್ತು ಬರುವ ಮೊದಲು ಅದು ಸದ್ದು ಮಾಡುತ್ತದೆ ಅಂತ ನಂಬಿದ್ದರು. ಸತ್ತವರನ್ನು ಜಾಡಿಯಲ್ಲಿಡುವ ಪದ್ಧತಿಯೂ ಕೆಲವರಲ್ಲಿತ್ತು. ದೇಹ ಒಳಗೆ ಹೋಗಲೆಂದು ಹೆಗಲ ಹತ್ತಿರ ಸುತ್ತಲೂ ಕತ್ತರಿಸಿ, ಆಮೇಲೆ ಮೇಲ್ಭಾಗವನ್ನು ಮತ್ತೆ ಕೂಡಿಸುತ್ತಿದ್ದರು. ಮ್ಯೂಸಿಯಂನಲ್ಲಿ ಹೆಗಲ ಮೇಲೆ ನೇರ ಸೀಳು ಇರುವ ಜಾಡಿ ಕಂಡರೆ, ಅದು ಕೈಜಾರಿ ಬಿದ್ದು ಒಡೆದದ್ದು ಅಂದುಕೊಳ್ಳಬೇಡಿ.

ಕಂಬೋಡಿಯಾದ ನೈಋತ್ಯದಲ್ಲಿ ಒಂದು ಬೆಟ್ಟಸಾಲು ಇದೆ. ಅದರ ಹೆಸರೇ ಏಲಕ್ಕಿ ಬೆಟ್ಟ. ಕಾಡು ದಟ್ಟ, ಬಂಡೆ ಕಡಿದು. ಆ ಬಂಡೆಗಳ ಚಾಚಿನ ಕೆಳಗೆ, ಮಳೆ ಬೀಳದ ಕಡೆ, ಸಾಲಾಗಿ ಜಾಡಿಗಳನ್ನು ಇಟ್ಟಿದ್ದಾರೆ. ಒಳಗೆ ಮನುಷ್ಯರ ಮೂಳೆ, ಗಾಜಿನ ಮಣಿ. ಅಲ್ಲಿನ ಬಹಳಷ್ಟು ಜಾಡಿಗಳು ಥಾಯ್ಲೆಂಡ್‌ನ ಆ ಮೇನಾಮ್ ನೋಯಿ ಆವಿಗೆಯವು. ಮೂಳೆಗಳ ಕಾಲವನ್ನು ಅಳೆದಾಗ 15ರಿಂದ 17ನೇ ಶತಮಾನದ ನಡುವಿನವು ಅಂತ ಗೊತ್ತಾಯಿತು. ಅಂದರೆ ನದಿ ದಡದಲ್ಲಿ ಸುಟ್ಟ ಜಾಡಿ ಹಡಗು ಹತ್ತಿ, ಕರಾವಳಿಯಲ್ಲಿ ಇಳಿದು, ಕಾಡಿನ ಸರಕಿಗೆ ಬದಲಾಗಿ ಕೈ ಬದಲಿಸಿ, ಯಾರದೋ ಬೆನ್ನ ಮೇಲೆ ಬೆಟ್ಟ ಹತ್ತಿರಬೇಕು. ಅಯುತ್ತಯದ ಬರಹಗಳಲ್ಲಾಗಲಿ ಕಂಬೋಡಿಯಾದ ಹಳೆಯ ರಾಜಧಾನಿ ಅಂಕೋರ್‌ನ ಶಾಸನಗಳಲ್ಲಾಗಲಿ ಈ ಬೆಟ್ಟದವರು ತಮ್ಮ ಮಾತನ್ನು ಬರೆಸಿಕೊಂಡವರಲ್ಲ. ತಮ್ಮವರನ್ನು ಕಳಿಸಿಕೊಡಲು ಸಿಕ್ಕವುಗಳಲ್ಲಿ ಗಟ್ಟಿಯಾದ ಪಾತ್ರೆಯನ್ನು ಆರಿಸಿದರು ಅನ್ನುವುದು ಮಾತ್ರ ನಮ್ಮ ಕಣ್ಣೆದುರಿಗಿದೆ. ಇದನ್ನು ತಿಳಿದ ಮೇಲೆ ಗಾಜಿನ ಪೆಟ್ಟಿಗೆ ಯಾಕೆ ಅಂತ ನಾನು ಬೇರೆ ಕಾರಣ ಕೊಡಬೇಕಿಲ್ಲ ಅಲ್ವಾ. ಫಲಕದ ಬಗ್ಗೆ ನನ್ನದೊಂದೇ ತಕರಾರು. ಎಲ್ಲಿ ಮಾಡಿದ್ದು ಅಂತ ಬರೆಯುತ್ತಾರೆ, ಯಾರ ಮನೆಯಲ್ಲಿತ್ತು, ಏನು ತುಂಬಿದ್ದರು ಅಂತ ಬರೆಯುವುದಿಲ್ಲ. ಇಂಥ ಜಾಡಿಗೆ ಎರಡನೆಯದೇ ಮುಖ್ಯ.

ನಿಮ್ಮ ಮನೆಯ ಭರಣಿ ಅದೇ ವಂಶದ್ದೇ ಅಂತ ಕೇಳಬಹುದು. ಮೇಲ್ಭಾಗ ಕಂದು, ಕೆಳಭಾಗ ಬಿಳಿ ಇರುವ ಭರಣಿಗಳು ಕಾರ್ಖಾನೆಯವು, ಅಚ್ಚಿನಲ್ಲೂ ಯಂತ್ರದಲ್ಲೂ ಆದವು. ಕುಂಬಾರನ ಕಡೆಯಿಂದ ನೋಡಿದರೆ ರಕ್ತಸಂಬಂಧ ಇಲ್ಲ. ಕೆಲಸದ ಕಡೆಯಿಂದ ನೋಡಿದರೆ ಒಂದೇ ಮನೆತನ. ಒಂದು ಎಚ್ಚರಿಕೆ ಹೇಳಲೇಬೇಕು: ಹಳೆ ಸಾಮಾನಿನ ಅಂಗಡಿಯಲ್ಲಿ ಪುರಾತನ ಜಾಡಿ ಸಿಕ್ಕಿತು ಅಂತ ತಂದು ಉಪ್ಪಿನಕಾಯಿ ಹಾಕಬೇಡಿ. ಹಳೆಯ ಮೆರುಗುಗಳಲ್ಲಿ ಕೆಲವಕ್ಕೆ ಸೀಸ ಬೆರೆಸುತ್ತಿದ್ದರು. ಹುಳಿ ಅದನ್ನು ಎಳೆದುಕೊಳ್ಳುತ್ತದೆ. ನೋಡಲು ಇಟ್ಟುಕೊಳ್ಳಿ, ಸಾಕು.

ಮತ್ತೆ ಆ ಮ್ಯೂಸಿಯಂಗೆ ಹೋದರೆ ಮೊದಲು ಮಂಡಿಯೂರಿ ಬುಡ ನೋಡಿ. ಮೆರುಗು ಎಲ್ಲಿ ನಿಂತಿದೆ, ಹನಿ ಎಲ್ಲಿ ಇಳಿದಿದೆ, ಬೆರಳ ಗುರುತು ಇದೆಯಾ ಅಂತ. ಆಮೇಲೆ ಕಿವಿಯ ತೂತಿನ ಒಳಂಚು ನೋಡಿ. ಹಗ್ಗ ಉಜ್ಜಿ ಉಜ್ಜಿ ಅಲ್ಲಿ ಮೆರುಗು ಸವೆದಿದ್ದರೆ ಅದರ ಒಂದು ಫೋಟೊ ಕಳಿಸಿ, ಹೆಗಲ ಮೇಲಿನ ಗೆರೆಗಳದ್ದೂ ಇನ್ನೊಂದು. ಮೇನಾಮ್ ನೋಯಿಯದೋ ಬರ್ಮಾದ್ದೋ ಅಂತ ಒಟ್ಟಿಗೆ ನೋಡೋಣ.